ಕಲ್ಲುಪ್ಪು ಹಾಕಬೇಕು

ಹಾಳೆಯಲ್ಲಿ ಇದ್ದದ್ದೇ ಹಾಗೆ: ನೀರು ಬದಲಿಸಿದ ಮೇಲೆ ಕಲ್ಲುಪ್ಪು ಹಾಕಬೇಕು. ಅವನು ಇನ್ನೊಮ್ಮೆ ಓದಿದ. ಏಳು ದಿನಗಳಿಂದ ಓದುತ್ತಲೇ ಇದ್ದ. ಓದಿದಾಗಲೆಲ್ಲ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತಾಗುತ್ತಿತ್ತು, ಈಗಲೂ ಆಯಿತು. ಭಾನುವಾರ, ಬೆಳಗಿನ ಹತ್ತು ಗಂಟೆ. ಷಡ್ಡಕನ ಮನೆಯ ಹಜಾರದಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿಕೊಂಡು, ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ ಹಿಡಿದು ಅವನು ಮೀನಿನ ತೊಟ್ಟಿಯ ಮುಂದೆ ನಿಂತಿದ್ದ. ಉಪ್ಪು ಈ ಮನೆಯದಲ್ಲ. ಇಲ್ಲಿಯ ಅಡಿಗೆಮನೆಯಲ್ಲಿ ಪುಡಿಯುಪ್ಪು ಮಾತ್ರ ಇತ್ತು. ಹಾಳೆಯಲ್ಲಿ ಕಲ್ಲುಪ್ಪು ಎಂದಿದ್ದುದರಿಂದ ದಾರಿಯ ಅಂಗಡಿಯಲ್ಲಿ ತಾನೇ ಕೊಂಡು ತಂದಿದ್ದ. ಕೆಲಸ ಅಂದರೆ ಕೆಲಸ. ಗಾಜಿನೊಳಗೆ, ಮೇಲುನೀರಿನಲ್ಲಿ, ಕೆಂಪು ಮೀನುಗಳು ದಿಬ್ಬಣಕ್ಕೆ ಹೊರಟವರ ಹಾಗೆ ಸುಮ್ಮಸುಮ್ಮನೆ ಓಡಾಡುತ್ತಿದ್ದವು. ತಳದಲ್ಲಿ ಆರು ಮೀಸೆ ಮೀನುಗಳು, ಬೆರಳುದ್ದದವು, ನೀಲಿ ಕಲ್ಲುಗಳ ಸಂದಿಗೆ ಮೂತಿಯಿಟ್ಟು ಏನನ್ನೋ ಕೆದಕುತ್ತಿದ್ದವು. ಷಡ್ಡಕ ಹೆಂಡತಿಯನ್ನು ಕರೆದುಕೊಂಡು ಮಗಳ ಮನೆಗೆ ಹೋಗಿ ಇವತ್ತಿಗೆ ಒಂದು ವಾರ. ಮಂಗಳವಾರ ಬರುತ್ತಾರೆ. ಬಂದವರು ಚೀಲ ಇಳಿಸುವ ಮೊದಲೇ ಇತ್ತ ನೋಡುತ್ತಾರೆ. ಆ ನೋಟವನ್ನು ಅವನು ವಾರವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಸಾಕಿದ್ದ.

ಅದು ಓಟದ ತಪ್ಪು. ಕರಡು ತಿದ್ದುವವರು ಹಾಗೆನ್ನುತ್ತಾರೆ. ಬರೆಯುವ ಕೈಗೆ ಒಂದು ಪದದ ರೂಢಿಯಾಗಿಬಿಟ್ಟರೆ, ಬೇರೆ ಪದ ಬರಬೇಕಾದ ಕಡೆಯೂ ಅದು ನಿಲ್ಲದೆ ಓಡಿಬಿಡುತ್ತದೆ. ಬೆಳಿಗ್ಗೆ ದೀಪ ಹಾಕಬೇಕು. ಕತ್ತಲಾಗುವ ಮೊದಲು ಆರಿಸಬೇಕು. ಕೆಂಪು ಮೀನಿಗೆ ಎರಡು ಹೊತ್ತು ಒಂದೊಂದು ಚಿಟಿಕೆ ಹಾಕಬೇಕು. ಭಾನುವಾರ ಕಾಲು ಭಾಗ ನೀರು ಬದಲಿಸಬೇಕು. ಬೇಕು, ಬೇಕು, ಬೇಕು ಎಂದು ಓಡಿಬಂದ ಷಡ್ಡಕನ ಹಸಿರು ಶಾಯಿ ಕೊನೆಯ ಸಾಲಿನಲ್ಲಿ ‘ಬೇಡ’ ಎನ್ನಬೇಕಾದಲ್ಲಿ ಮುಗ್ಗರಿಸಿದೆ. ಒಂದೇ ಒಂದು ಅಕ್ಷರ. ಡ ಇರಬೇಕಾದಲ್ಲಿ ಕು. ಸಾಕ್ಷಿ ಬೇಕಿದ್ದರೆ ಅದೂ ಆ ಸಾಲಿನಲ್ಲೇ ಇದೆ: ಆಹಾರಕ್ಕೆ ಚಿಟಿಕೆ ಎಂದು, ನೀರಿಗೆ ಕಾಲು ಭಾಗ ಎಂದು ಅಳತೆ ಕೊಟ್ಟವನು ಉಪ್ಪು ಎಷ್ಟು ಎಂದು ಬರೆದಿಲ್ಲ. ಹಾಕಬೇಡ ಎನ್ನುವುದಕ್ಕೆ ಅಳತೆ ಯಾಕೆ ಬೇಕು? ಕರಡು ತಿದ್ದುವ ಕೆಲಸಕ್ಕೆ ಸೇರಿ ಒಂದು ವಾರವಾದ ಹುಡುಗಿಯೂ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಮೂಲ ನೋಡಿ’ ಎಂದು ಬರೆಯುತ್ತಾಳೆ. ಅವನಂತೂ ಹನ್ನೆರಡು ವರ್ಷದಿಂದ ಷಡ್ಡಕನ ಮುದ್ರಣಾಲಯದಲ್ಲಿ ಅದೇ ಕೆಲಸ ಮಾಡುತ್ತಿದ್ದವನು. ಕಳೆದ ಭಾನುವಾರ ಹಾಳೆಯನ್ನು ಕೈಗೆ ಕೊಟ್ಟ ಗಳಿಗೆಯಲ್ಲೇ ಅವನ ಕಣ್ಣು ಆ ಅಕ್ಷರಕ್ಕೆ ಸಿಕ್ಕಿಹಾಕಿಕೊಂಡಿತ್ತು. ಬಾಯಿ ಬಿಡುವುದಿತ್ತು. ಬಿಡಲಿಲ್ಲ. “ಎಲ್ಲಾ ಬರ್ದಿದೀನಿ, ಬರ್ದಷ್ಟು ಮಾಡಿದ್ರೆ ಸಾಕು, ನಿನ್ನ ತಲೆ ಓಡಿಸ್ಬೇಡ” ಎಂದು ಷಡ್ಡಕ ನಕ್ಕಿದ್ದ. “ಆಯ್ತು” ಎಂದು ಇವನೂ ನಕ್ಕಿದ್ದ. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಹಾಳೆಗೆ ಎರಡು ಜೆರಾಕ್ಸ್ ಮಾಡಿಸಿದ. ಒಂದು ಅಂಗಿಯ ಜೇಬಿನಲ್ಲಿದೆ, ಇನ್ನೊಂದು ಮನೆಯಲ್ಲಿ ನಿಘಂಟಿನೊಳಗೆ. ಮೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದ. ಈ ಸಲ ಹಾಳೆ ಎಲ್ಲಿಗೂ ಮಾಯವಾಗುವುದಿಲ್ಲ.

ಮುದ್ರಣಾಲಯದಲ್ಲಿ ಅವನ ಹೆಸರು ಅಲ್ಪವಿರಾಮ. ಒಮ್ಮೆ ಒಂದು ಅಲ್ಪವಿರಾಮಕ್ಕಾಗಿ ಓಡುತ್ತಿದ್ದ ಯಂತ್ರ ನಿಲ್ಲಿಸಿದ್ದನೆಂದು ಇಟ್ಟದ್ದು. ಮೊದಮೊದಲು ಅದರಲ್ಲಿ ಮರ್ಯಾದೆಯೂ ಸ್ವಲ್ಪ ಬೆರೆತಿತ್ತು, ಬರಬರುತ್ತ ಬರೀ ಹೆಸರು ಉಳಿಯಿತು. ಅವನು ಷಡ್ಡಕನನ್ನು ಅಲ್ಲಿ ಎಲ್ಲರಂತೆ ಸಾರ್ ಎನ್ನುತ್ತಾನೆ. ಮನೆಯಲ್ಲಿ ಏನೆನ್ನಬೇಕೆಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ. ಹೆಂಡತಿ ಭಾವ ಎನ್ನುತ್ತಾಳೆ, ಅವಳಕ್ಕನ ಗಂಡ, ಅವಳಿಗೆ ಸಲೀಸು. ಇವನು ಅಣ್ಣ ಎನ್ನಹೋಗಿ ನಾಲಿಗೆ ಹೊರಳದೆ, ಸಾರ್ ಎನ್ನಹೋಗಿ ನಾಚಿಕೆಯಾಗಿ, ಕೊನೆಗೆ ಪ್ರತಿಯೊಂದು ಮಾತನ್ನೂ “ಅದೂ...” ಎಂದು ಶುರುಮಾಡುತ್ತಾನೆ. ಆ ‘ಅದೂ’ ಕೇಳಿದೊಡನೆ ಷಡ್ಡಕನ ಹುಬ್ಬು ಮೇಲೇರುತ್ತದೆ. ಈ ತೊಟ್ಟಿ ತಂದ ದಿನ ನೆಂಟರೆಲ್ಲ ಈ ಹಜಾರದಲ್ಲೇ ಸೇರಿದ್ದರು. ಕೆಂಪು ಮೀನುಗಳನ್ನು ಹೊಗಳಿದ್ದಾಯಿತು, ಬೆಲೆ ಕೇಳಿದ್ದಾಯಿತು. ಯಾರೋ ಚಿಕ್ಕಮ್ಮ ತಳ ತೋರಿಸಿ, “ಇವೇನು ಇಷ್ಟು ಮಂಕಾಗಿವೆ?” ಎಂದರು. “ಅವಾ? ಅವು ನಮ್ಮ ಅಲ್ಪವಿರಾಮ ಇದ್ದ ಹಾಗೆ. ಮೇಲಿನೋರು ತಿಂದು ಮಿಕ್ಕಿದ್ದು ಕೆಳಗೆ ಬೀಳುತ್ತಲ್ಲ, ಹೆಕ್ಕಿಕೊಂಡು ತೆಪ್ಪಗಿರ್ತವೆ. ಖರ್ಚಿಲ್ಲ, ಗಲಾಟೆ ಇಲ್ಲ” ಎಂದ ಷಡ್ಡಕ. ಎಲ್ಲರೂ ನಕ್ಕರು. ಇವನ ಹೆಂಡತಿಯೂ ನಕ್ಕಳು, ಸೆರಗು ಬಾಯಿಗೆ ಹಿಡಿದು ನಕ್ಕಳು, ಅದು ಇನ್ನೂ ಕೆಟ್ಟದಾಗಿತ್ತು. ನಗಬಾರದೆಂದು ಗೊತ್ತಿದ್ದೂ ನಕ್ಕಳಲ್ಲ ಎಂದು ಅವನಿಗೆ ಉರಿಯಿತು. ಆದರೂ ಆ ಹೊತ್ತಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಉಪ್ಪಿನ ಪೊಟ್ಟಣವನ್ನು ಸ್ಟೂಲಿನ ಮೇಲಿಟ್ಟು ಅವನು ರಬ್ಬರ್ ಕೊಳವೆ ಎತ್ತಿಕೊಂಡ. ಮೊದಲು ನೀರು. ಕೊಳವೆಯ ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಬಾಯಿಂದ ಹೀರಿ ಬಕೆಟ್ಟಿಗೆ ಬಿಟ್ಟ. ಕಲ್ಲುಗಳ ಸಂದಿಯ ಹೊಲಸು ಮೊದಲು ಬಂತು. ಮೀಸೆ ಮೀನುಗಳು ಕೊಳವೆಗೆ ಹೆದರಲಿಲ್ಲ. ಒಂದು ಬಂದು ಅದರ ಅಂಚನ್ನು ಮುಟ್ಟಿ ನೋಡಿ ಹೋಯಿತು. ಆ ನೀಲಿ ಕಲ್ಲುಗಳನ್ನು ಆರಿಸಿದ್ದು ಷಡ್ಡಕ, ಹೊಳೆಯುತ್ತವೆ ಎಂದು. ಒಡೆದ ಗಾಜಿನ ಚೂರುಗಳಂಥ ಕಲ್ಲು. ತಳದ ಮೀನಿಗೆ ನುಣುಪಾದ ಮರಳು ಇರಬೇಕು, ಚೂಪು ಕಲ್ಲಿಗೆ ಉಜ್ಜಿ ಉಜ್ಜಿ ಮೀಸೆ ಸವೆದು ಹೋಗುತ್ತದೆ. ಮೀಸೆ ಹೋದ ಮೀನು ಅನ್ನ ಎಲ್ಲಿದೆಯೆಂದು ತಿಳಿಯದೆ ಸೊರಗುತ್ತದೆ. ಇದೆಲ್ಲ ಅವನಿಗೆ ಬಾಯಿಪಾಠ. ಮೀನಿನ ಅಂಗಡಿಯವನ ಕೈಪಿಡಿ ಅಚ್ಚಾದದ್ದು ಅವರ ಮುದ್ರಣಾಲಯದಲ್ಲೇ, ಕರಡನ್ನು ಮೂರು ಸಲ ಓದಿದವನು ಅವನೇ. ಹದಿನಾಲ್ಕನೆಯ ಪುಟ: ತಳದ ಮೀಸೆ ಮೀನುಗಳು ಒಂಟಿಯಾಗಿ ಬಾಳುವುದಿಲ್ಲ, ಐದಾರು ಒಟ್ಟಿಗಿರಲಿ. ಉಳಿದ ಮೀನುಗಳ ಎಂಜಲಿನಿಂದಲೇ ಬದುಕುತ್ತವೆ ಎಂಬುದು ತಪ್ಪು ತಿಳುವಳಿಕೆ. ಮುಳುಗುವ ಗುಳಿಗೆಯನ್ನು ದೀಪ ಆರಿಸಿದ ಮೇಲೆ ಪ್ರತ್ಯೇಕವಾಗಿ ಹಾಕಿ. ಇವಕ್ಕೆ ಉಳಿದ ಮೀನಿನಂತೆ ಮೈಮೇಲೆ ಹುರುಪೆ ಇಲ್ಲ, ಆದ್ದರಿಂದ ಉಪ್ಪು ಕೂಡದು. ‘ಆದ್ದರಿಂದ’ ಎಂಬುದು ‘ಆದುದರಿಂದ’ ಎಂದಿತ್ತು, ಅವನೇ ತಿದ್ದಿದ್ದ. ಉಪ್ಪು ಕೂಡದು ಎಂಬುದರಲ್ಲಿ ತಿದ್ದುವುದೇನೂ ಇರಲಿಲ್ಲ.

ಮೊದಲ ಎರಡು ದಿನ ಅವನು ಹಾಳೆಯಲ್ಲಿ ಇದ್ದಂತೆಯೇ ನಡೆದುಕೊಂಡಿದ್ದ. ಅಲ್ಲಿ ಇನ್ನೊಂದು ಸಾಲಿತ್ತು: ಕೆಳಗಿನವಕ್ಕೆ ಬೇರೆ ಏನೂ ಹಾಕಬೇಕಾಗಿಲ್ಲ. ಸರಿ, ಹಾಕಲಿಲ್ಲ. ಬರೆದದ್ದಷ್ಟು ಮಾಡುವವನು, ತಲೆ ಓಡಿಸಬಾರದು. ಮೂರನೆಯ ಸಂಜೆ ಕೆಲಸದಿಂದ ನೇರ ಬಂದು ದೀಪ ಆರಿಸಿದಾಗ, ಕಿಟಕಿಯ ಮಬ್ಬು ಬೆಳಕಿನಲ್ಲಿ, ಆರೂ ಗಾಜಿನ ಹತ್ತಿರ ಬಂದು ಸಾಲಾಗಿ ನಿಂತಿದ್ದವು. ಒಂದಕ್ಕೆ ಒಂದು ಕಡೆಯ ಮೀಸೆ ಪೂರ್ತಿ ಸವೆದಿತ್ತು. ಹೊಟ್ಟೆ ಒಳಗೆ ಸರಿದಿತ್ತು. ಅದು ಅವನನ್ನು ನೋಡಿ ಕಣ್ಣು ಮಿಟುಕಿಸಿತು. ಮೀನಿಗೆ ರೆಪ್ಪೆಯಿಲ್ಲ, ಗುಡ್ಡೆ ಕೆಳಕ್ಕೆ ಹೊರಳಿಸುತ್ತದೆ ಅಷ್ಟೇ, ಕೈಪಿಡಿಯಲ್ಲಿ ಅದೂ ಇತ್ತು. ಗೊತ್ತಿದ್ದರೂ ಅವನಿಗೆ ಕಸಿವಿಸಿಯಾಯಿತು, ಯಾರೋ ಗುಟ್ಟು ತಿಳಿದವರು ಸನ್ನೆ ಮಾಡಿದಂತೆ. ಮಾರನೆಯ ದಿನ ಗುಳಿಗೆಯ ಡಬ್ಬಿ ತಂದ. ಅಲ್ಲಿಂದ ಮುಂದೆ ದಿನಾ ದೀಪ ಆರಿಸಿದ ಮೇಲೆ ನಾಲ್ಕು ಗುಳಿಗೆ. ಕಲ್ಲಿನ ಸಂದಿಗೆ ಬೀಳದಿರಲೆಂದು ಒಂದು ಚಪ್ಪಟೆ ತಟ್ಟೆಯನ್ನೂ ಒಳಗಿಟ್ಟ. ಅವು ತಟ್ಟೆಯ ಸುತ್ತ ನೆರೆದು ಮೂತಿ ತಿಕ್ಕುತ್ತ ತಿನ್ನುವುದನ್ನು ಕುರ್ಚಿ ಎಳೆದುಕೊಂಡು ನೋಡುತ್ತಿದ್ದ. ನಡುವೆ ಒಂದು ಸರ್ರನೆ ಮೇಲೇರಿ ಒಂದು ಗುಟುಕು ಗಾಳಿ ಕಚ್ಚಿಕೊಂಡು ಮತ್ತೆ ತಳಕ್ಕೆ ಇಳಿಯುತ್ತಿತ್ತು. ಆ ಒಂದು ಗುಟುಕಿಗೆ ಮೇಲೆ ಹೋದದ್ದೂ ಉಳಿದ ಮೀನುಗಳಿಗೆ ತಿಳಿಯಬಾರದು ಎಂಬಂತೆ. ಹೆಂಡತಿ ಮನೆಯಲ್ಲಿ ಕೇಳಿದಳು, “ಯಾಕಿಷ್ಟು ತಡ?” “ಮೀನಿಗೆ ಊಟ ಹಾಕಿ ಬರೋದು ಬೇಡ್ವಾ?” “ನಮ್ಮ ಭಾವನ ಮನೆ ಅಂದ್ರೆ ಮೂಗು ಮುರೀತಿದ್ರಿ, ಈಗ ಮೀನಿನ ಮೇಲೆ ಮೋಹ ಬಂತು ನೋಡಿ.” ಮೋಹವಲ್ಲ ಎಂದು ಹೇಳಬೇಕೆನ್ನಿಸಿತು. ಮೋಹವಲ್ಲದಿದ್ದರೆ ಏನೆಂದು ತಿಳಿಯದೆ ಕೈ ತೊಳೆಯಲು ಹೋದ. ಹಾಗೆ ಹಾಳೆಯ ಒಂದು ತಪ್ಪನ್ನು ಅವನು ಸದ್ದಿಲ್ಲದೆ ತಿದ್ದಿದ್ದ. ಇನ್ನೊಂದನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದ.

ಬಕೆಟ್ಟು ತುಂಬಿತು. ಅದನ್ನು ಪಕ್ಕಕ್ಕೆ ಸರಿಸಿ ಇನ್ನೊಂದಿಟ್ಟ. “ಈ ಪ್ರೂಫ್ ಯಾರು ನೋಡಿದ್ದು?” ಎಂದು ಷಡ್ಡಕ ಕೇಳಿದ್ದು ಮುದ್ರಣಾಲಯದ ಯಂತ್ರಗಳ ನಡುವೆ ನಿಂತು. ಎರಡು ತಿಂಗಳಾಯಿತು. ಔಷಧಿಯ ಪೆಟ್ಟಿಗೆಯೊಳಗೆ ಮಡಿಸಿಡುವ ಚೀಟಿ, ನಲವತ್ತು ಸಾವಿರ ಪ್ರತಿ. ಮೇಲೆ ‘ಊಟಕ್ಕೆ ಮುಂಚೆ’ ಎಂದಿದೆ, ಕೆಳಗೆ ‘ಊಟದ ನಂತರ’ ಎಂದಿದೆ. ಕರಡಿನಲ್ಲಿ ಅವನು ಎರಡಕ್ಕೂ ಕೆಂಪು ಸುತ್ತು ಹಾಕಿ ಅಂಚಿನಲ್ಲಿ ‘ಯಾವುದು ಸರಿ?’ ಎಂದು ಕೇಳಿದ್ದ. ಗಡಿಬಿಡಿಯಲ್ಲಿದ್ದ ಷಡ್ಡಕ ಸುತ್ತುಗಳ ಕೆಳಗೆ ಚುಕ್ಕಿಗಳನ್ನಿಟ್ಟು ಹಸಿರು ಶಾಯಿಯಲ್ಲಿ ‘ಇರಲಿ’ ಎಂದು ಬರೆದು ಕಳಿಸಿದ್ದ. ಇರಲಿ ಎಂದರೆ ಇದ್ದಂತೆ ಇರಲಿ, ತಿದ್ದಬೇಡ, ಅಚ್ಚಿಗೆ ಬಿಡು. ಅಚ್ಚಾಯಿತು. ಗಿರಾಕಿ ಚೀಟಿಯನ್ನು ಗಾಳಿಯಲ್ಲಿ ಅಲ್ಲಾಡಿಸುತ್ತ ಬಂದ. “ನಾನು ಗುರುತು ಹಾಕಿದ್ದೆ ಸಾರ್, ನೀವೇ ಇರಲಿ ಅಂತ...” “ನಾನಾ? ಎಲ್ಲಿ, ಪ್ರೂಫ್ ತಾ ನೋಡೋಣ.” ಅವನು ಓಡಿದ. ಕಪಾಟಿನಲ್ಲಿ ಆ ತಿಂಗಳ ಕರಡುಗಳೆಲ್ಲ ದಾರ ಕಟ್ಟಿಕೊಂಡು ಕೂತಿದ್ದವು, ಅದೊಂದನ್ನು ಬಿಟ್ಟು. ದಾರ ಮತ್ತೆ ಕಟ್ಟಿದ ಗಂಟು ಅವನ ಗಂಟಾಗಿರಲಿಲ್ಲ. ಬರಿಗೈಯಲ್ಲಿ ವಾಪಸು ಬಂದಾಗ ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ನೋಡುತ್ತಿದ್ದರು. ಷಡ್ಡಕ ಅವನ ಹೆಗಲ ಮೇಲೆ ಕೈ ಹಾಕಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಕೈ ಹಾಕಿದ. “ಹೋಗ್ಲಿ ಬಿಡಿ, ನಮ್ಮೋನೇ, ಮನೆಯೋನು. ಕಣ್ಣು ಸ್ವಲ್ಪ ಮಂಜಾಗಿದೆ. ಏನಯ್ಯಾ, ಒಂದು ಮಾತು ಕ್ಷಮೆ ಕೇಳ್ಬಿಡು ಇವರನ್ನ.” ಆ ಕೈಯ ಭಾರಕ್ಕೋ ಏನೋ ಅವನ ಬಾಯಿ ತಾನಾಗಿ ತೆರೆದು ಕ್ಷಮೆ ಕೇಳಿತು. ಗಿರಾಕಿ ಅವನ ಮುಖ ಸಹ ನೋಡಲಿಲ್ಲ. ಅಂದಿನಿಂದ ಸ್ನಾನಕ್ಕೆ ನಿಂತರೂ ಎಡ ಹೆಗಲ ಮೇಲೆ ಆ ಕೈ ಇದೆಯೆನಿಸುತ್ತಿತ್ತು. ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುತ್ತಲೇ ಕೇಳಿಸಿಕೊಂಡು, “ಹೋಗ್ಲಿ ಬಿಡಿ, ಅವರೇನು ಹೊರಗಿನೋರಾ? ಉಂಡ ಮನೆಗೆ ಎರಡು ಬಗೀಬಾರದು” ಎಂದಳು. ಎರಡು ಬಗೆದವನು ಯಾರು ಎಂದು ಅವಳು ಕೇಳಲೇ ಇಲ್ಲ. ಅವನಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಎಲ್ಲರ ಮುಂದೆ, ಆ ಬಾಯಿಂದ, ‘ತಪ್ಪು ನನ್ನದು’ ಎಂಬ ಎರಡು ಪದ.

ಎರಡನೆಯ ಬಕೆಟ್ಟೂ ತುಂಬಿದ ಮೇಲೆ ಕೊಳವೆ ತೆಗೆದ. ಹೊಸ ನೀರಿಗೆ ಕ್ಲೋರಿನ್ ಕಳೆಯುವ ಹನಿ ಎಣಿಸಿ ಬಿಟ್ಟ, ಮುಂಗೈ ಅದ್ದಿ ಬಿಸಿ ನೋಡಿದ, ಹಸುಗೂಸಿಗೆ ನೀರು ಹದ ಮಾಡುವವರಂತೆ ಸ್ವಲ್ಪ ಬಿಸಿನೀರು ಬೆರೆಸಿದ. ಮೀನಿಗೆ ಬೆದರಿಕೆಯಾಗದಂತೆ ತಟ್ಟೆಯ ಮೇಲೆ ನಿಧಾನ ಸುರಿದ. ಇಷ್ಟು ಜೋಪಾನವಾಗಿ ಯಾಕೆ ಮಾಡುತ್ತಿದ್ದೇನೆ ಎಂದು ಒಂದು ಸಲ ಅನಿಸಿತು. ಕೆಲಸವನ್ನು ಕೆಟ್ಟದಾಗಿ ಮಾಡಲು ಕೈಗೆ ಬರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. ಹೊಸ ನೀರು ಬಿದ್ದೊಡನೆ ಆರೂ ಮೀಸೆ ಮೀನುಗಳಿಗೆ ಹುರುಪು ಬಂದು ಗಾಜಿನುದ್ದಕ್ಕೆ ಏರಿಳಿಯತೊಡಗಿದವು, ಬೇಸಿಗೆಯಲ್ಲಿ ಮೊದಲ ಮಳೆ ಕಂಡಂತೆ. ನೋಡುತ್ತ ನಿಂತ. ಹಾಕದೆಯೇ ಹೋಗಿಬಿಡಬಹುದು ಎಂಬ ಯೋಚನೆ ಬಂತು. ಮಂಗಳವಾರ ಹಾಳೆಯನ್ನು ಸುಮ್ಮನೆ ತೋರಿಸಿ, ನೋಡಿ ಹೀಗೆ ಬರೆದಿದ್ದಿರಿ, ನಾನು ಹಾಕಲಿಲ್ಲ ಎನ್ನಬಹುದು. ಆಗ ಷಡ್ಡಕ ಏನೆನ್ನುತ್ತಾನೆ? ಓಹೋ ಹೌದಾ ಎನ್ನುತ್ತಾನೆ, ಅಷ್ಟೇ. ಸಾಯದ ಮೀನಿಗಾಗಿ ಯಾರೂ ತಪ್ಪೊಪ್ಪುವುದಿಲ್ಲ. ಆಗದೆ ಉಳಿದ ಅನಾಹುತಕ್ಕೆ ಲೋಕದಲ್ಲಿ ಬೆಲೆಯಿಲ್ಲವೆಂದು ಹನ್ನೆರಡು ವರ್ಷ ಕರಡು ತಿದ್ದಿದವನಿಗೆ ಹೇಳಿಕೊಡಬೇಕೆ? ಸಾವಿರಾರು ತಪ್ಪು ಹಿಡಿದ, ಒಂದನ್ನೂ ಯಾರೂ ನೆನೆಯಲಿಲ್ಲ. ಹಿಡಿದೂ ಅಚ್ಚಾಗಿ ಹೋದ ಒಂದನ್ನು ಎಲ್ಲರೂ ಬಲ್ಲರು.

ನಿನ್ನೆ ಫೋರ್‌ಮನ್ ಅವನ ಮೇಜಿನ ಹತ್ತಿರ ಬಂದು ತಲೆ ತುರಿಸಿಕೊಂಡಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಬರುವುದಿಲ್ಲ. “ಸಾರ್ ಫೋನ್ ಮಾಡಿದ್ರು. ಆ ಔಷಧಿ ಚೀಟಿ ಮತ್ತೆ ಅಚ್ಚಾಗ್ತಿದೆಯಲ್ಲ...” “ಕೊಡಿ, ನೋಡ್ತೀನಿ.” “ಅಲ್ಲ, ಅದನ್ನ ಹೊಸ ಹುಡುಗಿ ಕೈಲಿ ನೋಡಿಸಿ ಅಂದ್ರು. ನೀವು ಇವತ್ತು ಆ ಕಡೆ ಬಂಡಲ್ ಕಟ್ಟೋದಕ್ಕೆ ಸ್ವಲ್ಪ ಕೈ ಹಾಕ್ತೀರಾ? ಬೇಜಾರು ಮಾಡ್ಕೋಬೇಡಿ.” ಸಂಜೆಯವರೆಗೆ ಅವನು ಬಂಡಲ್ ಕಟ್ಟಿದ. ಹುಡುಗಿ ನಡುವೆ ಒಮ್ಮೆ ಎದ್ದು ಬಂದು, ‘ನಂತರ’ ಸರಿಯೋ ‘ಬಳಿಕ’ ಸರಿಯೋ ಎಂದು ಕೇಳಿದಳು. ಎರಡೂ ಸರಿ ಎಂದು ಹೇಳಿದ. ದಾರ ಬೆರಳು ಕೊಯ್ದಿತ್ತು. ನಿನ್ನೆಯ ಆ ಗಾಯಕ್ಕೆ ಈಗ ತೊಟ್ಟಿಯ ನೀರು ತಾಗಿ ಸಣ್ಣಗೆ ಉರಿಯುತ್ತಿತ್ತು.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. “ಆಯ್ತಾ ನೀರು?” “ಆಗ್ತಾ ಇದೆ.” “ಅಕ್ಕ ಈಗ ಮಾತಾಡಿದ್ಲು. ಭಾವ ನಿಮ್ಗೆ ಫೋನ್ ಮಾಡ್ತಾರಂತೆ, ಏನೋ ಹೇಳೋದಿದೆಯಂತೆ. ಸ್ವಲ್ಪ ನಗ್ತಾ ಮಾತಾಡಿ. ಮುಖ ಗಂಟು ಹಾಕ್ಕೊಂಡು ಹ್ಞೂಂ ಹ್ಞೂಂ ಅನ್ಬೇಡಿ.” “ಫೋನಲ್ಲಿ ಮುಖ ಕಾಣಲ್ಲ.” “ನಿಮ್ಮ ಮುಖ ಫೋನಲ್ಲೂ ಕಾಣುತ್ತೆ” ಎಂದು ಅವಳು ಇಟ್ಟಳು. ಏನು ಹೇಳುವುದಿದೆಯೋ ಅವನಿಗೆ ಗೊತ್ತಿತ್ತು. ಬಂಡಲಿನ ವಿಷಯ. ಇನ್ನು ಮೇಲೆ ಅದೇ ನಿನ್ನ ಕೆಲಸ, ಬೇಜಾರು ಮಾಡ್ಕೋಬೇಡ, ಮನೆಯೋನು ಅಂತ ಇಟ್ಕೊಂಡಿದೀನಿ. ಹೆಗಲ ಮೇಲೆ ಕೈ ಮತ್ತೆ ಬಂದು ಕೂತಂತಾಯಿತು. ಆ ಮಾತು ಕಿವಿಗೆ ಬೀಳುವ ಮೊದಲೇ ಇದು ಮುಗಿದಿರಬೇಕು. ಅವನು ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಹರಿದ.

ಮೊದಲು ಒಂದು ಲೋಟದಲ್ಲಿ ಸುರಿದುಕೊಂಡ, ಅಳತೆಗೆಂದು. ಆಮೇಲೆ ಯಾವ ಅಳತೆ ಎಂದು ತನಗೇ ನಗು ಬಂತು. ಎಷ್ಟು ಎಂದು ಬರೆದಿಲ್ಲವಲ್ಲ. ಒಂದು ಲೋಟ ಹಾಕಿದ. ಹರಳುಗಳು ಮೇಲುನೀರಿನಲ್ಲಿ ಮಿಂಚಿ, ಕೆಂಪು ಮೀನುಗಳ ನಡುವೆ ಹಾಯ್ದು, ನೇರ ತಳಕ್ಕೆ ಇಳಿದವು. ಮೀಸೆ ಸವೆದದ್ದು ಗುಳಿಗೆ ಬಂತೆಂದುಕೊಂಡಿರಬೇಕು, ಮೊದಲು ಓಡಿ ಬಂದದ್ದು ಅದೇ. ಒಂದು ಹರಳಿಗೆ ಮೂತಿಯಿಟ್ಟು ಹಿಂದಕ್ಕೆ ಜಿಗಿಯಿತು. ಅವನ ಕೈ ಒಂದು ಗಳಿಗೆ ನಿಂತಿತು. ಇರಲಿ, ಎಂದು ಯಾರಿಗೋ ಹೇಳುವಂತೆ ಹೇಳಿ ಎರಡನೆಯ ಲೋಟ ಹಾಕಿದ. ಆಮೇಲೆ ಲೋಟವನ್ನು ಬದಿಗಿಟ್ಟು ಪೊಟ್ಟಣವನ್ನೇ ಬೋರಲು ಹಾಕಿ, ತಳ ತಟ್ಟಿ, ಒಂದು ಹರಳೂ ಉಳಿಯದಂತೆ ಕೊಡವಿದ. ತೃಪ್ತಿಯಾಗಬೇಕಿತ್ತು. ಎರಡು ತಿಂಗಳು ಕಾದಿದ್ದು ಇದಕ್ಕೇ. ಕುರ್ಚಿ ಎಳೆದು ಕೂತ. ಮೇಲೆ ಕೆಂಪು ಮೀನುಗಳಿಗೆ ಏನೂ ಆಗಲಿಲ್ಲ, ಅವುಗಳ ದಿಬ್ಬಣ ಸಾಗೇ ಇತ್ತು. ಅವು ಉಪ್ಪು ತಡೆಯುವ ಜಾತಿ. ಕೆಳಗೆ ಆರೂ ಒಮ್ಮೆಲೇ ಚೆದುರಿದವು. ಒಂದು ಮೇಲಕ್ಕೆ ಬಂದು ಗಾಳಿ ಕಚ್ಚಿತು, ಇಳಿಯಿತು, ಇಳಿದದ್ದೇ ಮತ್ತೆ ಬಂತು. ಇನ್ನೊಂದು ಗಾಜಿಗೆ ಮೈ ಉಜ್ಜುತ್ತ ಮೂಲೆಯಿಂದ ಮೂಲೆಗೆ ಓಡಿತು. ಕಿವಿರುಗಳು ಬಡಿದುಕೊಳ್ಳುವ ವೇಗ ನೋಡಿ ಅವನ ಉಸಿರೂ ಜೋರಾಯಿತು. ಯಾರ ಅಕ್ಷರ ಇದು? ಎಂದು ಮಂಗಳವಾರ ಕೇಳುತ್ತೇನೆ, ಅತ್ತಿಗೆಯ ಮುಂದೆ, ಹೆಂಡತಿಯ ಮುಂದೆ. ಫೋರ್‌ಮನ್ನನ್ನೂ ಏನಾದರೂ ನೆಪ ಹೇಳಿ ಕರೆಸುತ್ತೇನೆ. ಓದಿ, ಗಟ್ಟಿಯಾಗಿ ಓದಿ. ಅವನು ಆ ಚಿತ್ರವನ್ನು ಹಿಡಿದುಕೊಳ್ಳಲು ನೋಡಿದ. ವಾರವಿಡೀ ಕರೆದಾಗ ಬರುತ್ತಿದ್ದ ಷಡ್ಡಕನ ಆ ಬೆಪ್ಪಾದ ಮುಖ ಈಗ ಬರಲೊಲ್ಲದು. ಗಾಜಿನ ಆ ಕಡೆ ಮೀಸೆ ಸವೆದದ್ದು ಅರ್ಧ ಹೊರಳಿ, ತಟ್ಟೆಯ ಅಂಚಿಗೆ ಒರಗಿಕೊಂಡಿತ್ತು. ಮೈಯ ಬಣ್ಣ ಹೋಗಿತ್ತು.

ಫೋನು ಮತ್ತೆ ನಡುಗಿತು. “ಏನಯ್ಯಾ ಅಲ್ಪವಿರಾಮ! ಸ್ಪೀಕರ್‌ನಲ್ಲಿ ಹಾಕಿದೀನಿ, ಎಲ್ಲರೂ ಇಲ್ಲೇ ಇದಾರೆ” ಎಂದ ಷಡ್ಡಕ. ಹಿಂದೆ ಪಾತ್ರೆಯ ಸದ್ದು, ಒಂದು ಮಗುವಿನ ಕೇಕೆ. “ಒಂದು ಎಡವಟ್ಟಾಗಿದೆ ಕಣಯ್ಯಾ. ಮೊಮ್ಮಗಳಿಗೆ ಮೀನಿನ ಕಥೆ ಹೇಳ್ತಾ ಇದ್ದೆ, ಥಟ್ಟಂತ ಹೊಳೀತು. ಆ ಹಾಳೇಲಿ ಉಪ್ಪು ಹಾಕಬೇಕು ಅಂತ ಬರ್ದಿದೀನಾ, ಬೇಡ ಅಂತ ಬರ್ದಿದೀನಾ?”

“ಬೇಕು ಅಂತಿದೆ.”

ಅಲ್ಲಿ ನಗೆ ಎದ್ದಿತು. “ನೋಡಿದ್ಯಾ! ನಿಮ್ಮತ್ತಿಗೆ ಆಗ್ಲಿಂದ ಗಾಬರಿ ಬಿದ್ದಿದ್ಲು, ನನ್ನ ಮೀನು ಹೋಯ್ತು ಅಂತ. ಆ ತಳದ ಮೀನು ಅಂದ್ರೆ ಇವಳಿಗೆ ಪ್ರಾಣ. ನಾನು ಹೇಳ್ದೆ, ಸುಮ್ಮನಿರೇ, ಕೊಟ್ಟಿರೋದು ಯಾರ ಕೈಗೆ? ಅವನ ಕಣ್ಣು ತಪ್ಪಿಸಿ ಒಂದು ಅಕ್ಷರ ಹೋಗಲ್ಲ. ನಾನು ಬೇಕು ಅಂತ ಬರ್ದ್ರೂ ಅವನು ಬೇಡ ಅಂತ ಓದ್ಕೊಂಡಿರ್ತಾನೆ ಅಂತ. ತಿದ್ಕೊಂಡೆ ತಾನೇ?”

ಆ ಬಾಯಿಂದ ಇಂಥ ಮಾತು ಅವನು ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ. ಈ ಕಣ್ಣನ್ನೇ ಮಂಜು ಎಂದವನು ಷಡ್ಡಕನೇ, ಗಿರಾಕಿಯ ಮುಂದೆ ಹಾಗೆಂದು ನೆಂಟರ ಮುಂದೆ ಹೀಗೆನ್ನುತ್ತಾನೆ. ಅಂದರೆ ಅವತ್ತೂ ಗೊತ್ತಿತ್ತು. ಎಲ್ಲ ಗೊತ್ತಿದ್ದೇ ಕ್ಷಮೆ ಕೇಳಿಸಿದ್ದ. ಅವನಿಗೆ ಸಿಟ್ಟು ನೆತ್ತಿಗೇರಬೇಕಿತ್ತು, ಬದಲಿಗೆ ಖಾಲಿ ಪೊಟ್ಟಣವನ್ನು ಎತ್ತಿ ಮಡಿಸತೊಡಗಿದ. “ಹಾಕ್ಬಿಟ್ಟೆ” ಎಂದ.

“ಏನು?”

“ಉಪ್ಪು. ಹಾಕ್ಬಿಟ್ಟೆ. ಬರ್ದಿತ್ತಲ್ಲ.”

ಅಲ್ಲಿಯ ನಗು ಒಬ್ಬೊಬ್ಬರದಾಗಿ ನಿಂತಿತು. “ಎಷ್ಟು ಹಾಕ್ದೆ?” “ಎಷ್ಟು ಅಂತ ಬರ್ದಿರ್ಲಿಲ್ಲ.” “ಅಯ್ಯೋ” ಎಂದು ಅತ್ತಿಗೆಯ ದನಿ ದೂರದಿಂದ ಬಂತು. ಷಡ್ಡಕ ಕೇಳಿದ, “ಆ ಅಂಗಡಿಯೋನ ಪುಸ್ತಕ ನೀನೇ ಓದಿದ್ದಲ್ವಾ? ಉಪ್ಪು ಕೂಡದು ಅಂತ ಅದರಲ್ಲಿದೆಯಲ್ಲ. ನಿಂಗೆ ಗೊತ್ತಿರ್ಲಿಲ್ವಾ?”

ಜೇಬಿನಲ್ಲಿ ಜೆರಾಕ್ಸ್ ಇತ್ತು, ಕವರಿನಲ್ಲಿ ಮೂಲವಿತ್ತು, ಎಲ್ಲಕ್ಕೂ ಸಾಕ್ಷಿ ಇತ್ತು, ಈ ಒಂದು ಪ್ರಶ್ನೆಗೆ ಮಾತ್ರ ಅವನು ಏನೂ ಸಿದ್ಧ ಮಾಡಿಕೊಂಡಿರಲಿಲ್ಲ. ಗೊತ್ತಿತ್ತು ಎಂದರೆ ಗೊತ್ತಿದ್ದೂ ಕೊಂದವನು, ಹೆಣ್ಣುಮಗಳೊಬ್ಬಳು ಸಾಕಿದ ಮೀನನ್ನು ಕಾದು ಕೊಂದವನು. ಗೊತ್ತಿರಲಿಲ್ಲ ಎಂದರೆ ಓದಿದ್ದು ತಲೆಗೆ ಹೋಗದ ಬೆಪ್ಪ, ಬಂಡಲ್ ಕಟ್ಟಲು ಯೋಗ್ಯ. ತನ್ನದೆಂದು ಅವನಿಗೆ ಇದ್ದದ್ದು ಒಂದೇ ಆಸ್ತಿ: ತನಗೆ ಗೊತ್ತಿತ್ತು ಎಂಬುದು. ಯಾರು ನಂಬಲಿ ಬಿಡಲಿ, ಯಾವ ಕರಡು ಮಾಯವಾಗಲಿ, ತನಗೆ ಗೊತ್ತಿತ್ತು. ತೊಟ್ಟಿಯಲ್ಲಿ ಎರಡನೆಯ ಮೀನೂ ಮಗುಚಿಕೊಂಡಿತು.

“ಗೊತ್ತಿರ್ಲಿಲ್ಲ” ಎಂದ.

“ಛೆ” ಎಂದ ಷಡ್ಡಕ. ಆಮೇಲೆ ದನಿ ಮೆತ್ತಗಾಯಿತು. “ಹೋಗ್ಲಿ ಬಿಡು, ಮನಸ್ಸಿಗೆ ಹಚ್ಕೋಬೇಡ. ತಪ್ಪು ನಂದು. ಕೇಳಿಸ್ತೇನೇ? ತಪ್ಪು ನಂದೇ, ಅವನನ್ನ ಬೈಬೇಡ. ಅವನಿಗೆ ಹೇಗೆ ಗೊತ್ತಾಗ್ಬೇಕು ಪಾಪ, ಕೊಟ್ಟಿದ್ದು ಓದ್ತಾನೆ ಅಷ್ಟೇ. ಮಂಗಳವಾರ ಬರ್ತೀವಲ್ಲ, ಬೇರೆ ತಂದ್ರಾಯ್ತು.” ಮಗು ಏನೋ ಕೇಳಿತು, ಯಾರೋ ಏನೋ ಹೇಳಿದರು, ಮತ್ತೆ ಪಾತ್ರೆಯ ಸದ್ದಾಯಿತು. ಫೋನು ನಿಂತಿತು.

ತೆಗೆದ ಹಳೆಯ ನೀರು ಇನ್ನೂ ಎರಡು ಬಕೆಟ್ಟುಗಳಲ್ಲಿ ಹಾಗೇ ಇತ್ತು. ಅದು ಕಣ್ಣಿಗೆ ಬಿದ್ದದ್ದು ಆಗ. ಬಲೆ ಎಲ್ಲಿದೆಯೆಂದು ಹುಡುಕದೆ ಎರಡೂ ಕೈಗಳನ್ನು ತೊಟ್ಟಿಗೆ ಹಾಕಿದ. ಬೆರಳಿನ ಗಾಯಕ್ಕೆ ಉಪ್ಪು ಹತ್ತಿ ಕಣ್ಣಲ್ಲಿ ನೀರು ಬಂತು. ಒಂದೊಂದಾಗಿ ಹಿಡಿದು ಬಕೆಟ್ಟಿಗೆ ಬಿಟ್ಟ. ನಾಲ್ಕು ಬಿಟ್ಟಂತೆಯೇ ಮುಳುಗಿ ತಳದಲ್ಲಿ ಅಡ್ಡಬಿದ್ದವು. ಎರಡರ ಕಿವಿರು ಇನ್ನೂ ಆಡುತ್ತಿತ್ತು, ಅವುಗಳಲ್ಲಿ ಒಂದರದು ನೋಡುತ್ತಿದ್ದ ಹಾಗೇ ನಿಂತಿತು. ಒದ್ದೆ ನೆಲದ ಮೇಲೆ ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತ.

“ಗೊತ್ತಿತ್ತು” ಎಂದು ಅವನು ಗಟ್ಟಿಯಾಗಿ ಹೇಳಿದ. ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ.